ಹಲ್ಲು ಸವೆದ ವಾಷರ್‌ಗಳು

"ಅಯ್ಯೋ, ಕೈ ಸುಡ್ತಿಲ್ವೇನ್ರೀ?" ಎಂದು ಹೆಂಡತಿ ಕೂಗಿದ ಮೇಲೆಯೇ ಮೇಷ್ಟ್ರಿಗೆ ತಾವು ಲೋಟ ಹಿಡಿದು ನಿಂತಿರುವುದು ನೆನಪಾಯಿತು. ಒಲೆಯಿಂದ ಆಗತಾನೇ ಇಳಿಸಿ ಬಗ್ಗಿಸಿದ ಚಹಾ, ಸ್ಟೀಲಿನ ಲೋಟ. ಅವಳು ಮಸಿಬಟ್ಟೆಯಲ್ಲಿ ಹಿಡಿದು ತಂದಿಟ್ಟದ್ದನ್ನು ಅವರು ಬರಿಗೈಯಲ್ಲಿ ಎತ್ತಿಕೊಂಡು, ಐದೂ ಬೆರಳು ಸುತ್ತಿ, ಎದುರುಮನೆಯ ತಾರಸಿಯ ಮೇಲೆ ಯಾರೋ ನೀರಿನ ಟ್ಯಾಂಕಿಗೆ ಮುಚ್ಚಳ ಕೂರಿಸಲು ಒದ್ದಾಡುತ್ತಿದ್ದುದನ್ನು ನೋಡುತ್ತ ನಿಂತುಬಿಟ್ಟಿದ್ದರು. "ಸುಡುತ್ತೆ, ಸುಡದೆ ಏನು? ಚಹಾ ಅಂದ್ಮೇಲೆ ಸುಡ್ಲೇಬೇಕು," ಎಂದು ಲೋಟ ಕೆಳಗಿಟ್ಟರು. ಅವಳು ನಂಬಿದಳೋ ಇಲ್ಲವೋ, ಒಳಗೆ ಹೋದಳು. ಬೆರಳ ತುದಿಗಳು ಕೆಂಪಾಗಿದ್ದವು. ಆ ಕೆಂಪು ಬೇರೆ ಯಾರದೋ ಕೈಯಲ್ಲಿದೆ ಎಂಬಂತೆ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಎರಡು ತಿಂಗಳಿಂದ ಪತ್ರಿಕೆಯ ಎರಡೆರಡು ಹಾಳೆ ಒಟ್ಟಿಗೆ ಮಗುಚುತ್ತಿದ್ದವು. ಜೇಬಿನಲ್ಲಿ ಕೈಹಾಕಿದರೆ ಕೀಲಿಕೈ ಯಾವುದು, ಪೆನ್ನಿನ ಮುಚ್ಚಳ ಯಾವುದು ಗೊತ್ತಾಗುತ್ತಿರಲಿಲ್ಲ. ಚಳಿ ಎಂದುಕೊಂಡರು. ಚಳಿ ಮುಗಿದ ಮೇಲೆ ವಯಸ್ಸು ಎಂದುಕೊಂಡರು. ಎಲ್ಲಕ್ಕೂ ಒಂದು ಕಾರಣ ಕೊಟ್ಟುಕೊಂಡು ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುವುದರಲ್ಲಿ ಅವರು ನಿಸ್ಸೀಮರು. ಆದರೆ ಈಗ, ಹಬೆಯಾಡುವ ಲೋಟದ ಮುಂದೆ, ಒಂದು ಪ್ರಶ್ನೆ ಎದ್ದು ನಿಂತು ಕದಲದೇ ಹೋಯಿತು: ಮೊನ್ನೆ ಸಂಜೆ ಸೊಸೆಗೆ ವಾಷರ್ ಆರಿಸಿಕೊಟ್ಟದ್ದು ಇದೇ ಬೆರಳುಗಳಲ್ಲವೇ?

ಮೇಷ್ಟ್ರು ಎಂದರೆ ಅವರೇನೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಪಂಪು ತಯಾರಿಸುವ ಕಾರ್ಖಾನೆಯ ಸ್ಟೋರಿನಲ್ಲಿ, ಜಾಲರಿಯ ಕಿಟಕಿಯ ಹಿಂದೆ, ಮೂವತ್ತೊಂದು ವರ್ಷ ಕೂತವರು. ಹೊಸದಾಗಿ ಸೇರಿದ ಯಾವನೇ ಬಂದು "ಒಂದು ಬೋಲ್ಟು ಕೊಡಿ" ಎಂದರೆ, "ಯಾವ ಬೋಲ್ಟಪ್ಪಾ? ಅದಕ್ಕೆ ಹೆಸರು ವಿಳಾಸ ಏನೂ ಇಲ್ವಾ?" ಎಂದು ತಡೆದು ನಿಲ್ಲಿಸಿ, ಉದ್ದ, ದಪ್ಪ, ತಿರುಪಿನ ಎಳೆ, ಲೋಹ ಎಲ್ಲ ಹೇಳಿಸಿದ ಮೇಲೆಯೇ ಕೊಡುತ್ತಿದ್ದರು. ಹೀಗೆ ಬೋಲ್ಟು ಮೇಷ್ಟ್ರು ಆದರು. ಕಾಲ ಕಳೆದಂತೆ ಬೋಲ್ಟು ಉದುರಿ ಹೋಗಿ ಮೇಷ್ಟ್ರು ಉಳಿಯಿತು. ಕಣ್ಣು ಮುಚ್ಚಿ ಡಬ್ಬಿಯೊಳಗೆ ಕೈಬಿಟ್ಟು, ಬೇಕಾದ್ದನ್ನೇ ಹೆಕ್ಕಿ ತೆಗೆಯುವುದು ಅವರ ವಿದ್ಯೆ. ಊಟದ ಬಿಡುವಿನಲ್ಲಿ ಜನ ಅದನ್ನು ನೋಡಲೆಂದೇ ಬರುತ್ತಿದ್ದರು. ಮನೆಯ ಹಿಂಬದಿಯ ಕೋಣೆಯಲ್ಲಿ ಈಗಲೂ ಮೂರು ಸಾಲು ಬಿಸ್ಕತ್ತಿನ ಡಬ್ಬಿಗಳಿದ್ದವು, ಯಾವುದರ ಮೇಲೂ ಒಂದು ಚೀಟಿ ಇಲ್ಲ. ಬರೆದಿಡುವುದು ಮರೆಯುವವರ ಕೆಲಸ ಎಂಬುದು ಅವರ ಮಾತು. ಆ ಮಾತು ನೆನಪಾಗಿ, ಕೋಣೆಯ ಬಾಗಿಲು ತೆರೆಯುವಾಗ ಅವರಿಗೆ ಕಿವಿ ಬಿಸಿಯಾಯಿತು. ಕಿವಿ ಮಾತ್ರ ಚೆನ್ನಾಗಿಯೇ ಸುಡುತ್ತದಲ್ಲ ಎನ್ನಿಸಿತು.

ಸೊಸೆ ಎಲೆಕ್ಟ್ರಿಷಿಯನ್. ಮಗ ಮದುವೆಗೆ ಮುಂಚೆ ಆ ವಿಷಯ ಹೇಳಿದಾಗ ಮೇಷ್ಟ್ರು ನಕ್ಕು, "ಫ್ಯೂಸ್ ಹಾಕೋಕೆ ಇನ್ಮೇಲೆ ಜನ ಕರೀಬೇಕಾಗಿಲ್ಲ ಬಿಡು," ಎಂದಿದ್ದರು. ಅವಳು ಬಂದ ಮೇಲೆ, ಊರವರ ಸೂರಿನ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವ ಕೆಲಸ ಹಿಡಿದಾಗ, ನಗು ನಿಂತಿತ್ತು. "ಹೆಣ್ಣುಮಗಳು ಸೂರು ಹತ್ತೋದು ನನಗೆ ಸರಿ ಕಾಣ್ತಿಲ್ಲ," ಎಂದು ಅವಳಿಗೆ ಕೇಳುವಂತೆಯೇ ಹೆಂಡತಿಗೆ ಹೇಳಿದ್ದರು. ಅವಳು ಮಾರನೇ ದಿನ ಅವರ ಕೋಣೆಯ ಬಾಗಿಲಲ್ಲಿ ನಿಂತು, "ಮಾವ, ಪ್ಯಾನೆಲ್ ಫ್ರೇಮಿಗೆ ಅರ್ಥಿಂಗ್ ತಂತಿ ಬಿಗಿಯೋಕೆ ಬೋಲ್ಟು ಬೇಕು. ಯಾವುದು ಹಾಕ್ಲಿ?" ಎಂದು ಕೇಳಿದಳು. ಅಷ್ಟೇ. ಮೇಷ್ಟ್ರು ಸೋತುಹೋದರು. ನಿವೃತ್ತಿಯಾಗಿ ಆರು ವರ್ಷದಲ್ಲಿ ಆ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ಇದ್ದುದರಲ್ಲೇ ಒಳ್ಳೆಯದೆಂದು, ಸತು ಲೇಪಿಸಿದ ಮಿರಮಿರನೆ ಮಿನುಗುವ ಬೋಲ್ಟು, ಅದಕ್ಕೆ ತಕ್ಕ ನಟ್ಟು, ಸುರುಳಿ ವಾಷರ್ ಎತ್ತಿಕೊಟ್ಟರು. ರಾತ್ರಿ ಊಟವಾದ ಮೇಲೆ ಅವಳು ಪ್ಯಾನೆಲ್ ಫ್ರೇಮಿನ ಗೇಣುದ್ದದ ತುಂಡೊಂದನ್ನು ಮೇಜಿನ ಮೇಲಿಟ್ಟು, ಕರೆಂಟು ಹರಿದರೆ ಕೂಗುವ ಮೀಟರಿನ ಎರಡು ಕಡ್ಡಿಗಳನ್ನು ಅದರ ಮೇಲೆ ಒತ್ತಿ, "ಏನಾದ್ರೂ ಕೇಳಿಸ್ತಾ?" ಎಂದಳು.

"ಇಲ್ಲ."

"ಇದು ಲೋಹ ತಾನೆ ಮಾವ? ಕರೆಂಟು ಹರೀಬೇಕಲ್ವಾ?"

"ಹರೀಬೇಕು."

"ಹರಿಯಲ್ಲ. ಮೇಲೊಂದು ಪೊರೆ ಇದೆ. ಅಲ್ಯೂಮಿನಿಯಂ ಹಾಳಾಗ್ಬಾರ್ದು ಅಂತ ಕಾರ್ಖಾನೆಲೇ ಬೆಳೆಸಿರ್ತಾರೆ. ಕಣ್ಣಿಗೆ ಕಾಣಲ್ಲ." ಚಾಕುವಿನಿಂದ ಎರಡು ಕಡೆ ಗೀಚಿ, ಗೀಚಿದಲ್ಲಿ ಕಡ್ಡಿ ಇಟ್ಟಳು. ಮೀಟರು ಕುಂಯ್ ಎಂದಿತು. "ನಿಮ್ಮ ಬೋಲ್ಟು ಗಟ್ಟಿಯಾಗಿ ಹಿಡ್ಕೊಳ್ಳುತ್ತೆ ಮಾವ. ಆದ್ರೆ ಮಾತಾಡಲ್ಲ."

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದು, ಮಗ ತಟ್ಟೆ ಎತ್ತುವ ನೆಪದಲ್ಲಿ ಎದ್ದುಹೋದದ್ದು, ಎಲ್ಲ ಅವರಿಗೆ ಚೆನ್ನಾಗಿ ನೆನಪಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೇ ದಿನ ಆ ಫ್ರೇಮಿನ ತುಂಡನ್ನೂ ಒಂದು ಅಯಸ್ಕಾಂತವನ್ನೂ ಚೀಲಕ್ಕೆ ಹಾಕಿಕೊಂಡು, ತಮ್ಮ ಹಳೇ ಗೆಳೆಯನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೂತರು. ಬೋಲ್ಟು ಅಯಸ್ಕಾಂತಕ್ಕೆ ಅಂಟದ ಸ್ಟೇನ್‌ಲೆಸ್ ಆಗಿರಬೇಕು. ಸತುವಿನ ಹೊಳಪು ನಾಲ್ಕು ಮಳೆಗೆ ತೊಳೆದುಹೋಗುತ್ತದೆ. ತಂತಿಯ ತುದಿಗೆ ಹಾಕುವ ತಾಮ್ರದ ಲಗ್ಗು ನೇರವಾಗಿ ಅಲ್ಯೂಮಿನಿಯಮ್ಮನ್ನು ಮುಟ್ಟಿದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ಪಾತ್ರೆಗೆ ಹಾಕಿದ ಹಾಗೆ ಅದಕ್ಕೂ ಕಲಾಯಿ ಇರಬೇಕು. ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ನಡುವಿನ ಸ್ಟಾರ್ ವಾಷರ್, ಸುತ್ತಲೂ ಹಲ್ಲಿರುವ ಪುಟ್ಟ ಬಿಲ್ಲೆ. ಬಿಗಿದಾಗ ಆ ಹಲ್ಲುಗಳು ಪೊರೆಯನ್ನು ಸೀಳಿ ಲೋಹದ ಮಾಂಸಕ್ಕೆ ಇಳಿಯಬೇಕು. ಮೇಷ್ಟ್ರು ಏಳು ಬಗೆಯ ವಾಷರ್ ತರಿಸಿ, ಒಂದೊಂದನ್ನೂ ಬಿಗಿದು ಬಿಚ್ಚಿ, ಫ್ರೇಮಿನ ಮೇಲೆ ಬಿದ್ದ ಕಚ್ಚನ್ನು ಭೂತಗಾಜಿನಲ್ಲಿ ನೋಡಿ, ಕೊನೆಗೊಂದನ್ನು ಆರಿಸಿದರು. ಅಂದಿನಿಂದ ಅವಳು ಹತ್ತಿದ ಪ್ರತಿಯೊಂದು ಸೂರಿಗೂ ವಾಷರ್ ಅವರದೇ ಆಯ್ಕೆ. ಪೊಟ್ಟಣ ಕಟ್ಟಿಕೊಡುವಾಗ ಒಂದೊಂದನ್ನೂ ಹೆಬ್ಬೆರಳಲ್ಲಿ ಸವರಿ, ಚುಚ್ಚಿದರೆ ಮಾತ್ರ ಒಳಗೆ ಹಾಕುತ್ತಿದ್ದರು.

ಎರಡು ಡಬ್ಬಿಗಳನ್ನು ಕೆಳಗಿಳಿಸಿ ನೆಲದ ಮೇಲೆ ಕೂತರು. ಒಂದರಲ್ಲಿ ಹೊಸ ವಾಷರ್. ಇನ್ನೊಂದರಲ್ಲಿ, ಹೋದ ವರ್ಷ ಒಂದು ದವಾಖಾನೆ ಬೇರೆ ಕಟ್ಟಡಕ್ಕೆ ಹೋದಾಗ ಅಲ್ಲಿಂದ ಬಿಚ್ಚಿದ ಹಳೆಯವು. "ಗುಜರಿಗೆ ಹಾಕಿ ಮಾವ, ಒಂದ್ಸಲ ಕಚ್ಚಿದ ಹಲ್ಲು ಎರಡನೇ ಸಲ ಕಚ್ಚಲ್ಲ," ಎಂದು ಅವಳು ಹೇಳಿದ್ದಳು. ಅವರಿಗೆ ಮನಸ್ಸಾಗಲಿಲ್ಲ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬ್ರಷ್ಷಿನಲ್ಲಿ ಉಜ್ಜಿ, ಮದುವಣಗಿತ್ತಿಯ ಹಾಗೆ ಹೊಳೆಯಿಸಿ, ಎತ್ತಿಟ್ಟಿದ್ದರು. ನೋಡಲು ಎರಡೂ ಒಂದೇ. ಈಗ ಮುಚ್ಚಳ ತೆಗೆದರೆ, ಅರ್ಧ ಖಾಲಿಯಾಗಿರಬೇಕಿದ್ದ ಹೊಸದರ ಡಬ್ಬಿ ತುಂಬಿಕೊಂಡಿತ್ತು. ಹಳೆಯದರ ತಳದಲ್ಲಿ ನಾಲ್ಕೈದು ಉಳಿದಿದ್ದವು. ಬೆರಳಲ್ಲಿ ಸವರಿದರು. ಎರಡೂ ಬೆಣ್ಣೆಯ ಹಾಗಿದ್ದವು. ಏನು ತೋಚಿತೋ, ಒಂದನ್ನು ಎತ್ತಿ ಕೆಳದುಟಿಗೆ ಒತ್ತಿಕೊಂಡರು. ಬೆಕ್ಕಿನ ಮರಿ ಕಚ್ಚಿದಂತಾಯಿತು. ಹಳೆಯದನ್ನು ಒತ್ತಿದರು. ಏನೂ ಆಗಲಿಲ್ಲ. ನಲವತ್ತೆಂಟು ಪ್ಯಾನೆಲ್ಲು, ನಲವತ್ತೆಂಟು ವಾಷರ್, ಒಂದೂ ಬಿಡದಂತೆ ಸವೆದ ಹಲ್ಲು. ಸವರಿ ಸವರಿ, ತಲೆದೂಗಿ ತಲೆದೂಗಿ ಕೊಟ್ಟಿದ್ದರು; ಚುಚ್ಚಿದ್ದು ಬೆರಳಿಗಲ್ಲ, ಹಳೇ ಅಭ್ಯಾಸಕ್ಕೆ.

ಫೋನ್ ಮಾಡಿದರು. ಸೊಸೆ ಎತ್ತಲಿಲ್ಲ. ಸೂರಿನ ಮೇಲಿದ್ದಾಗ ಅವಳ ಫೋನು ಚೀಲದಲ್ಲಿರುತ್ತದೆ. ಎತ್ತದಿದ್ದದ್ದು ಒಳ್ಳೆಯದೇ ಆಯಿತೆಂದು ಒಂದು ಕ್ಷಣ ಅನ್ನಿಸಿ, ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಿನ್ನೆ ಸಂಜೆ ಅವಳು ಮನೆಗೆ ಬಂದವಳೇ ಚಪ್ಪಲಿ ಬಿಡುತ್ತ, "ನಲವತ್ತೆಂಟಕ್ಕೆ ನಲವತ್ತೆಂಟೂ ಕೂಗಿದ್ವು ಮಾವ! ನಾಳೆ ಎರಡು ಗಂಟೆಗೆ ಚಾಲೂ," ಎಂದಿದ್ದಳಲ್ಲ. ಮೀಟರೇ ಒಪ್ಪಿದ ಮೇಲೆ ಇನ್ನೇನು? ಚಹಾ ಕುಡಿದು, ಪತ್ರಿಕೆ ಓದಿ, ಸುಮ್ಮನಿದ್ದರೆ ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ. ಆದರೆ ಪಾಠ ಹೇಳಿಕೊಟ್ಟವಳೂ ಅವಳೇ. ಹೊಸದಾಗಿ ಬಿಗಿದಾಗ ಬೋಲ್ಟಿನ ಎಳೆ ಎಲ್ಲೋ ಒಂದಿಷ್ಟು ಗೀಚಿರುತ್ತೆ, ಆವತ್ತಿಗೆ ಮೀಟರು ಕೂಗುತ್ತೆ. ತೇವ ಒಳಗಿಳಿದು ಪೊರೆ ಮತ್ತೆ ಬೆಳೆದರೆ ಮುಗೀತು, ಯಾವುದಾದರೂ ತಂತಿಯ ಸಿಪ್ಪೆ ಸುಲಿದು ಫ್ರೇಮಿಗೆ ಕರೆಂಟು ಬಂದರೆ ಅದು ನೆಲಕ್ಕೆ ಹೋಗೋ ದಾರಿ ಮುಚ್ಚಿರುತ್ತೆ, ಮುಟ್ಟಿದವರ ಮೈಯೇ ದಾರಿ. ಈ ಸಲದ ಸೂರು ಬೇರೆ ಯಾವುದೋ ಆಗಿದ್ದರೆ ಹೇಗೋ. ಇದು ಲಾಂಡ್ರಿ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ತೊಳೆಯುವ ಜಾಗ. ಈಗ ಪ್ಯಾನೆಲ್ ಕೂತ ಸೂರಿನ ಮೇಲೆಯೇ ಹಗ್ಗ ಕಟ್ಟಿ ಹೆಂಗಸರು ದುಪ್ಪಟಿ ಹರವುತ್ತಾರೆ, ಒದ್ದೆ ಕೈ, ಒದ್ದೆ ಕಾಲು. ಅಳತೆ ತೆಗೆಯುವ ದಿನ ಸೊಸೆಯ ಜೊತೆ ಹೋಗಿ ಮೇಷ್ಟ್ರು ಅದನ್ನು ಕಣ್ಣಾರೆ ಕಂಡಿದ್ದರು. ದಪ್ಪನೆಯ ಹೆಂಗಸೊಬ್ಬಳು ಮೇಲೇಳುವಾಗ ಕಂಬಿ ಹಿಡಿದುಕೊಂಡು "ಉಸ್ಸಪ್ಪಾ" ಎಂದಿದ್ದಳು. ಇನ್ನು ಮೇಲೆ ಅವಳ ಕೈಗೆ ಹತ್ತಿರ ಸಿಗುವುದು ಫ್ರೇಮು.

ಹೊಸ ವಾಷರಿನ ಡಬ್ಬಿ ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿದರು. ಹತ್ತಿದ ಹತ್ತು ನಿಮಿಷಕ್ಕೆ ಸುಳ್ಳೊಂದು ತಯಾರಾಗಿತ್ತು. ತಾವು ಅದನ್ನು ಕಟ್ಟಲಿಲ್ಲ, ಅದೇ ಬಂದು ಪಕ್ಕದ ಸೀಟಿನಲ್ಲಿ ಕೂತಿತು ಎಂಬಂತಿತ್ತು: ಅಂಗಡಿಯವನು ಹಳೇ ಮಾಲು ಕೊಟ್ಟುಬಿಟ್ಟ. ಅಷ್ಟೇ. ಒಂದು ವಾಕ್ಯ. ಯಾರೂ ಸಾಯುವುದಿಲ್ಲ. ಕಾರ್ಖಾನೆಯಲ್ಲಿದ್ದಾಗ ಒಮ್ಮೆ ತಮ್ಮಿಂದಾದ ತಪ್ಪು ಎಣಿಕೆಯನ್ನು ಇನ್ನೊಬ್ಬನ ತಲೆಗೆ ಕಟ್ಟಿ, ಅವನು ಸಾಹೇಬರ ಮುಂದೆ ಬೆವರುತ್ತ ನಿಂತದ್ದನ್ನು ಜಾಲರಿಯ ಹಿಂದಿನಿಂದ ನೋಡಿದ್ದು ನೆನಪಿಗೆ ಬಂತು. ಅವನು ಆಮೇಲೂ ಪ್ರತಿದಿನ ನಗುನಗುತ್ತ ಮಾತಾಡಿಸುತ್ತಿದ್ದ, ಅದೇ ತಡೆಯಲಾಗುತ್ತಿರಲಿಲ್ಲ. ಮೇಷ್ಟ್ರು ಕಿಟಕಿಯ ಸರಳು ಹಿಡಿದರು. ಹಿಡಿದದ್ದು ಕಣ್ಣಿಗೆ ಕಂಡಿತು. ಬೆರಳು ಹೋಗಿದೆ ಎಂದು ಗೊತ್ತಾದರೆ ಸೊಸೆ ನಾಳೆಯಿಂದ ಕೋಣೆಯ ಬಾಗಿಲಲ್ಲಿ ನಿಲ್ಲುವುದಿಲ್ಲ, "ಯಾವುದು ಹಾಕ್ಲಿ ಮಾವ?" ಎನ್ನುವುದಿಲ್ಲ. ದುಪ್ಪಟಿ ಹರವುವ ಹೆಂಗಸಿಗಿಂತ ಅದೇ ತಮಗೆ ದೊಡ್ಡ ಭಯವಾಗಿರುವುದು ತಿಳಿದು ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಲಾಂಡ್ರಿಯ ಮೆಟ್ಟಿಲು ಹಬೆಯಲ್ಲಿ ಮುಳುಗಿತ್ತು. ಮೇಲೆ ಬಿಸಿಲು. ಪ್ಯಾನೆಲ್ಲಿನ ಅಡಿಯಿಂದ ಸೊಸೆಯ ಎರಡು ಕಾಲು ಮಾತ್ರ ಹೊರಗಿದ್ದವು. ಪಕ್ಕದಲ್ಲಿ ಲಾಂಡ್ರಿಯ ಯಜಮಾನಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಆ ಕಾಲುಗಳನ್ನೇ ವಿಚಾರಿಸುತ್ತಿದ್ದಳು. ಮೇಷ್ಟ್ರ ಏದುಸಿರು ಕೇಳಿ ಸೊಸೆ ಹೊರಗೆ ಜಾರಿಬಂದಳು. ಮೂಗಿನ ಮೇಲೆ ಮಸಿ, ಕನ್ನಡಕ ವಾಲಿತ್ತು. "ಮಾವ! ಏನಾಯ್ತು? ಅತ್ತೆ ಹುಷಾರಾಗಿದ್ದಾರಾ?"

"ಅವಳಿಗೇನು, ಗುಂಡುಕಲ್ಲು. ಅದು... ಮೊನ್ನೆ ಕೊಟ್ಟ ವಾಷರ್ ಇದೆಯಲ್ಲ, ಅವು ಹಳೇವು ಕಣಮ್ಮ. ಬಿಚ್ಚಿದ ಮಾಲು. ಅಂಗಡಿಯವನು ಯಾಮಾರಿಸಿಬಿಟ್ಟ."

ಅವಳು ಒಂದು ಮಾತನ್ನೂ ಅನುಮಾನಿಸಲಿಲ್ಲ. ಅದೇ ಅವರನ್ನು ಇರಿದದ್ದು. ಮುಖ ಕೆಂಪಗಾಗಿ, ಚೀಲಕ್ಕೆ ಕೈಹಾಕಿ ಫೋನು ತೆಗೆದು, "ನಿಮ್ಮ ಮೂವತ್ತು ವರ್ಷದ ಸ್ನೇಹಿತರು, ನಿಮಗೇ ಹೀಗ್ಮಾಡಿದ್ರಾ? ಇರಿ, ಇವತ್ತು ಅವರಿಗೆ ಸರಿಯಾಗಿ ಚಳಿ ಬಿಡಿಸ್ತೀನಿ," ಎಂದು ನಂಬರು ಒತ್ತಿದಳು. ಕರೆ ಹೋಗುತ್ತಿರುವ ಸದ್ದು ಮೇಷ್ಟ್ರಿಗೆ ಕೇಳಿಸಿತು. ಒಂದು, ಎರಡು. ಮೂರನೆಯದಕ್ಕೆ ಅವರು ಅವಳ ಕೈ ಹಿಡಿದರು.

"ಬೇಡ ಮಗು. ಇಡು. ಅವನದಲ್ಲ, ನಂದು. ಡಬ್ಬಿ ಅದಲುಬದಲಾಯ್ತು."

"ನೀವು ಸವರಿ ನೋಡ್ತೀರಲ್ಲ?"

"ಸವರಿದೆ." ಅವರು ಎರಡು ಕೈಯನ್ನೂ ಅವಳ ಮುಂದೆ ಚಾಚಿದರು, ಮನೆಪಾಠ ಮಾಡದ ಹುಡುಗನ ಹಾಗೆ. "ಬೆರಳಿಗೆ ಏನೂ ಗೊತ್ತಾಗ್ತಿಲ್ಲ. ಎರಡು ತಿಂಗಳಾಯ್ತು."

ಯಜಮಾನಿ ನಡುವೆ ಬಾಯಿ ಹಾಕಿ, "ಅಂದ್ರೆ ನನ್ನ ಸೂರಿಗೆ ಸಾಮಾನು ಆರಿಸಿದ್ದು ಇವರಾ? ಕಂಪನಿಯವರಲ್ವಾ?" ಎಂದಳು. ಮೇಷ್ಟ್ರು ನೆಲ ನೋಡಿದರು. ಸೊಸೆ ಫೋನು ಚೀಲಕ್ಕೆ ಹಾಕಿ, ಕನ್ನಡಕ ಸರಿಮಾಡಿಕೊಂಡು, ಯಜಮಾನಿಯ ಕಡೆ ತಿರುಗಿದಳು. "ಹೌದು ಇವರೇ. ಇವತ್ತು ಎರಡು ಗಂಟೆಗೆ ಚಾಲೂ ಮಾಡೋಕಾಗಲ್ಲ, ಐದಾಗುತ್ತೆ. ನಲವತ್ತೆಂಟೂ ಬಿಚ್ಚಿ ಹೊಸದು ಹಾಕ್ಬೇಕು. ತಪ್ಪು ನಮ್ಮದು." ನಮ್ಮದು ಎಂದಳು. ಯಾರ ಕಡೆಗೂ ಬೆರಳು ತೋರಿಸಲಿಲ್ಲ. ಯಜಮಾನಿ ಗೊಣಗುತ್ತ ಕೆಳಗಿಳಿದ ಮೇಲೆ ಮಾತ್ರ ಅವರ ಕಡೆ ತಿರುಗಿದಳು. "ವಾಷರಿಗಲ್ಲ ಮಾವ ನನಗೆ ಸಿಟ್ಟು. ಅದು ಯಾರಿಗೂ ಆಗುತ್ತೆ. ಒಂದೇ ಮನೇಲಿದ್ದು, ಒಂದೇ ಮೇಜಲ್ಲಿ ಉಂಡು, ಎರಡು ತಿಂಗಳು ಮುಚ್ಚಿಟ್ರಲ್ಲ. ನಾನೇನು ಹೊರಗಿನವಳಾ?" ಮೇಷ್ಟ್ರು, "ಇನ್ನು ನೀನು ನನ್ನನ್ನು ಏನೂ ಕೇಳಲ್ವೇನೋ ಅಂತ..." ಎಂದರು. ಸೊಸೆ ಸ್ಪ್ಯಾನರು ಎತ್ತಿಕೊಂಡು, "ನಾಳೆ ಬೆಳಿಗ್ಗೆ ಡಾಕ್ಟರ ಹತ್ರ. ಮಾತಿಲ್ಲ. ಈಗ ಕೂತ್ಕೊಳ್ಳಿ. ಈ ಡಬ್ಬೀಲಿ ಹಳೇದು ಒಂದೂ ಸೇರಿಲ್ಲ ಅಂತ ಹೇಗೆ ಗೊತ್ತು?" ಎಂದಳು.

ಮೇಷ್ಟ್ರು ಒಂದು ವಾಷರ್ ತೆಗೆದು ತುಟಿಗೆ ಒತ್ತಿ ತೋರಿಸಿದರು. ಅವಳಿಗೆ ನಗು ಬಂತು, ತಡೆದುಕೊಂಡಳು.

ಹೀಗೆ ಆ ಮಧ್ಯಾಹ್ನ ನಡೆಯಿತು. ಅವರು ಮಗುಚಿದ ಬಕೆಟ್ಟಿನ ಮೇಲೆ, ಪ್ಯಾನೆಲ್ಲಿನ ನೆರಳಲ್ಲಿ ಕೂತು, ಒಂದೊಂದನ್ನೂ ತುಟಿಗೆ ಒತ್ತಿ, ಚುಚ್ಚಿದ್ದನ್ನು ಅಡಿಯಲ್ಲಿ ಮಲಗಿದ್ದ ಸೊಸೆಯ ಚಾಚಿದ ಅಂಗೈಗೆ ಇಡುತ್ತ ಹೋದರು. ಅವಳು ಹಳೆಯದನ್ನು ಬಿಚ್ಚಿ ಹೊರಗೆ ಉರುಳಿಸುತ್ತಿದ್ದಳು. ಬಟ್ಟೆ ಬುಟ್ಟಿ ಹೊತ್ತು ಬಂದ ಹೆಂಗಸರು ನಿಂತು ನೋಡಿ ಬಿದ್ದು ಬಿದ್ದು ನಕ್ಕರು. "ಏನ್ ತಾತಾ, ಒಂದೊಂದಕ್ಕೂ ಮುತ್ತು ಕೊಟ್ಟು ಕಳಿಸ್ತಿದ್ದೀರಾ?" ಎಂದಳು ಆ ದಪ್ಪನೆಯ ಹೆಂಗಸು. "ಹೂಂ ಮತ್ತೆ, ತವರಿಂದ ಹೋಗ್ತಿವೆ," ಎಂದರು ಮೇಷ್ಟ್ರು. ಪ್ಯಾನೆಲ್ಲಿನ ಅಡಿಯಿಂದ ಸೊಸೆಯ ನಗು ಕೇಳಿಸಿತು. ಮೂವತ್ತನೆಯದರ ಹೊತ್ತಿಗೆ ತುಟಿ ಉರಿಯತೊಡಗಿತು. ಆ ಉರಿ ಅವರಿಗೆ ಹಿತವಾಗಿತ್ತು. ನಡುವೆ ಎರಡು ಸಲ ಚುಚ್ಚದ ನುಣ್ಣನೆಯವು ಸಿಕ್ಕಿದವು, ಪಕ್ಕಕ್ಕೆಸೆದರು. ಸ್ಪ್ಯಾನರು ಕೊನೆಯ ಸುತ್ತು ತಿರುಗುವಾಗ ಅಡಿಯಿಂದ ಸಣ್ಣದೊಂದು ಕರಕರ ಕೇಳುತ್ತಿತ್ತು, ಹಲ್ಲು ಪೊರೆಗಿಳಿಯುವ ಸದ್ದು. ನಿನ್ನೆ ಈ ಸದ್ದು ಬಂದಿರಲಿಲ್ಲ ಎಂಬುದು ಸೊಸೆಗೆ ಆಗ ಹೊಳೆಯಿತು. "ಕೇಳಿಸ್ಕೋಬೇಕಿತ್ತು ನಾನು," ಎಂದಳು. "ಬೇಗ ಮುಗಿಸೋ ಆತುರ. ನನ್ನದೂ ಅರ್ಧ ತಪ್ಪಿದೆ ಮಾವ." ಮೇಷ್ಟ್ರು ಮುಂದಿನ ವಾಷರನ್ನು ಅವಳ ಅಂಗೈಗಿಟ್ಟು, ಅವಳ ಬೆರಳುಗಳನ್ನು ಮಡಿಸಿ ಮುಚ್ಚಿ, ಒಂದು ಸಲ ತಟ್ಟಿದರು.

ಐದಕ್ಕೆ ಹತ್ತು ನಿಮಿಷ ಇರುವಾಗ ನಲವತ್ತೆಂಟೂ ಮತ್ತೊಮ್ಮೆ ಕೂಗಿದವು. ಸೊಸೆ ಕೆಳಗಿಳಿದು ಸ್ವಿಚ್ಚು ಹಾಕಿ ಮೇಲೆ ಬಂದಳು. ಗೋಡೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಹೊತ್ತಿತ್ತು. ಹೆಂಗಸರು ಒದ್ದೆ ದುಪ್ಪಟಿಗಳ ಬುಟ್ಟಿ ಇಳಿಸಿ ಸಾಲಿನ ಅಂಚಿನಲ್ಲಿ ಸಂದೇಹದಿಂದ ನಿಂತಿದ್ದರು. ಏನೋ ತಪ್ಪಾಗಿತ್ತಂತೆ ಎಂಬ ಸುದ್ದಿ ಕೆಳಗಿನವರೆಗೂ ಹೋಗಿತ್ತು. ದಪ್ಪನೆಯ ಹೆಂಗಸು, "ಮುಟ್ಬಹುದಾ?" ಎಂದಳು. ಯಾರಾದರೂ ಉತ್ತರ ಕೊಡುವ ಮೊದಲೇ ಮೇಷ್ಟ್ರು ಹತ್ತಿರದ ಬುಟ್ಟಿಯ ಒದ್ದೆ ಬಟ್ಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ತೋಯಿಸಿಕೊಂಡು, ಹೋಗಿ, ಎರಡೂ ಕೈಯಿಂದ ಮೊದಲನೇ ಫ್ರೇಮನ್ನು ಹಿಡಿದು ನಿಂತರು. ಕಣ್ಣು ಮುಚ್ಚಿದ್ದರು.

"ಮಾವ! ಏನ್ಮಾಡ್ತಿದ್ದೀರಿ?"

"ಪರೀಕ್ಷೆ. ಮೊದಲು ನನ್ನ ಕೈ ಇರ್ಲಿ."

"ಏನಾದ್ರೂ ಗೊತ್ತಾಗ್ತಿದೆಯಾ?"

"ಏನೂ ಗೊತ್ತಾಗ್ತಿಲ್ಲ," ಎಂದರು ಮೇಷ್ಟ್ರು, ಬಹಳ ಗಂಭೀರವಾಗಿ.

ಸೊಸೆ ಒಂದು ಕ್ಷಣ ಅವರನ್ನೇ ನೋಡಿದಳು. "ನಿಮಗೆ ಹೇಗೆ ಗೊತ್ತಾಗುತ್ತೆ ಮಾವ? ಈ ಊರಲ್ಲಿ ಈ ಪರೀಕ್ಷೆ ಮಾಡಬಾರದವರು ಯಾರಾದ್ರೂ ಇದ್ರೆ ಅದು ನೀವೊಬ್ರೇ!" ಎಂದವಳಿಗೆ ನಗು ಉಕ್ಕಿಬಂತು, ಇಡೀ ಮಧ್ಯಾಹ್ನ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂತು. ಮೇಷ್ಟ್ರು ಕಣ್ಣು ಬಿಟ್ಟು, ತಮ್ಮ ಕೈಗಳನ್ನು ನೋಡಿಕೊಂಡು, ವಿಷಯ ಅರ್ಥವಾಗಿ, ಹೊಟ್ಟೆ ಕುಲುಕಿಸಿ ನಕ್ಕರು. ನಗುತ್ತ ಅವರ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಬಿಡಲಿಲ್ಲ. ಸೊಸೆ ಬುಟ್ಟಿಗೆ ಬಗ್ಗಿ ತನ್ನ ಕೈಗಳನ್ನೂ ತೋಯಿಸಿಕೊಂಡಳು. ಬಂದು ಪಕ್ಕದಲ್ಲಿ ನಿಂತು, ಅವರ ಕೈಗೆ ತನ್ನ ಕೈ ತಾಗುವಂತೆ ಫ್ರೇಮನ್ನು ಹಿಡಿದಳು. ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

"ನನಗೂ ಏನೂ ಗೊತ್ತಾಗ್ತಿಲ್ಲ ಮಾವ," ಎಂದಳು.